ಡೋವರ್ ರಸ್ತೆಯ ಡೊರೀನಜ್ಜಿ

ಇಂಗ್ಲೆಂಡಿನ ಡೋವರ್ ಬಂದರಿಗೆ ಹೋಗುವ ರಸ್ತೆಯಲ್ಲಿ ಲಾರಿಗಳ ಸಾಲು ನಿಂತಿತೆಂದರೆ ಡೊರೀನ್ ಹಾಗ್ಬೆನ್ ಅಜ್ಜಿಯ ಬಾಯಿಗೆ ಬೀಗ ಹಾಕುವವರಿಲ್ಲ. “ಯುರೋಪಿನ ಒಕ್ಕೂಟ ಬಿಟ್ಟು ಹೊರಗೆ ಹೋಗ್ತೀವಿ ಅಂದ್ರು, ನನ್ನ ಮನೆ ಮುಂದಿನ ಲಾರಿಯೇ ಹೊರಗೆ ಹೋಗ್ತಿಲ್ಲ!” ಎಂದು ಕಿಟಕಿಯಿಂದಲೇ ಕೂಗುತ್ತಾಳೆ. ಅವಳ ಲೆಕ್ಕದಲ್ಲಿ ಹೀಗೆ ಒಕ್ಕೂಟ ಬಿಡುವ ಬ್ರೆಕ್ಸಿಟ್ ಬೇಕೆಂದವರು ಮೂರ್ಖರು, ಬೇಡವೆಂದವರು ಕೈಲಾಗದವರು, ಗಡಿ ದಾಟಲು ಹೊಸ ಕಾಗದಪತ್ರ ಹುಟ್ಟಿಸಿದ ಅಧಿಕಾರಿಗಳಂತೂ ಹುಟ್ಟಲೇಬಾರದಿತ್ತು. ಊರಿನ ಪುರಸಭಾ ಸದಸ್ಯ ಅವಳನ್ನು ಕಂಡರೆ ಆಚೆ ಬೀದಿ ಹಿಡಿಯುತ್ತಾನೆ. ಡ್ರೈವರುಗಳಿಗೂ ಬೈಗುಳ ತಪ್ಪಿದ್ದಲ್ಲ. ಆದರೆ ಬೈಯುತ್ತಲೇ ಚಹಾ ಕೊಟ್ಟು, “ನನ್ನ ಬೇಲಿ ಪಕ್ಕ ನಿಲ್ಲಬೇಡ್ರೋ, ಒಳಗೆ ಪಾಯಿಖಾನೆ ಇದೆ, ಬೂಟು ಬಿಚ್ಚಿ ಬನ್ನಿ” ಎಂದು ಬಾಗಿಲು ತೆಗೆಯುತ್ತಾಳೆ. ಕಳೆದ ಬೇಸಿಗೆಯಲ್ಲಿ ರುಮೇನಿಯದ ಡ್ರೈವರ್ ಕೋಸ್ಟೆಲ್ ಆ ಸಾಲಿನಲ್ಲಿ ಸಿಕ್ಕಿಬಿದ್ದು, ತನ್ನ ಮಗಳ ಮದುವೆಯನ್ನು ಅಜ್ಜಿಯ ಅಡುಗೆಮನೆಯಲ್ಲಿ ಕೂತು ಫೋನಿನಲ್ಲೇ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು, “ಬ್ರೆಕ್ಸಿಟ್ ಬೇಕೋ ಬೇಡವೋ ಅಂತ ಮತದಾನ ನಡೆದಾಗ ನೀವು ಯಾವ ಕಡೆ ಮತ ಹಾಕಿದ್ರಿ ಅಜ್ಜಿ?” ಎಂದು ಕೇಳಿದ. ಅಷ್ಟೆಲ್ಲ ಕೂಗಾಡುವ ಡೊರೀನಜ್ಜಿ ದನಿ ತಗ್ಗಿಸಿದಳು. “ಹಾಕಲಿಲ್ಲಪ್ಪಾ,” ಎಂದಳು. “ಕೂದಲಿಗೆ ಬಣ್ಣ ಹಾಕಿಸ್ಕೊಳ್ತಾ ಕೂತಿದ್ದೆ. ನಾನೊಬ್ಬಳು ಹೋಗದಿದ್ರೆ ಏನು ಮುಳುಗಿಹೋಗುತ್ತೆ ಅಂದ್ಕೊಂಡೆ.”