ಮಾತ್ರೆ ಒಳಗೆ, ನಾನು ಹೊರಗೆ

ಅವರ ಬಲಗೈಯ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಶಾಲೆಯ ಮಕ್ಕಳ ಹಾಗೆ ಒತ್ತಿ ಕತ್ತರಿಸಿರುತ್ತಿದ್ದರು. ಆ ಒಂದು ಉಗುರಿನಿಂದ ರಟ್ಟಿನ ಡಬ್ಬಿಗಳ ಅಂಟು ಬಿಡಿಸುತ್ತಿದ್ದರು, ಮಾತ್ರೆಯ ಸ್ಟ್ರಿಪ್ಪಿನ ಬೆನ್ನಿಗೆ ಗೆರೆ ಎಳೆದು "ಇಲ್ಲಿಂದ ಶುರು" ಎಂದು ತೋರಿಸುತ್ತಿದ್ದರು. ಗಿರಾಕಿ ಸುಳ್ಳು ಹೇಳುತ್ತಿದ್ದಾರೆ ಅನಿಸಿದರೆ ಕೌಂಟರಿನ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಆ ಅಂಗಡಿಗೆ ಬೋರ್ಡಿನಲ್ಲಿ ದೊಡ್ಡದೊಂದು ಹೆಸರಿತ್ತು. ಅದನ್ನು ಓದಿದವರನ್ನು ನಾನು ಕಂಡಿಲ್ಲ. ನಮಗೆ ಅದು ಮೆಡಿಕಲ್, ಅವರು ಮೆಡಿಕಲ್ ಅಕ್ಕ.

"ಸ್ವಲ್ಪ ಪೇಪರಿನಲ್ಲಿ ಸುತ್ತಿ ಕೊಡಿ ಅಕ್ಕ" ಎಂದು ಯಾರಾದರೂ ಹೆಂಗಸರು ಪಿಸುಗುಟ್ಟಿದರೆ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಕೆಮ್ಮಿನ ಮದ್ದು ಸುತ್ತಿ ಕೊಡಿ ಅಂತ ಕೇಳ್ತೀರಾ? ಇದೆಂತ ಕಳ್ಳಮಾಲಾ ಮಾರಾಯ್ತಿ?" ಅಂಗಡಿಯ ಮುಂದೆ ಬಸ್ಸಿಗೆ ಕಾಯುವ ಗಂಡಸರಿಗೂ ಕೇಳುವಂಥ ಸ್ವರ. ಹಾಗೆಂದು ಯಾರ ಗುಟ್ಟನ್ನೂ ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದಿಲ್ಲ. "ಮಾತ್ರೆಯ ಹೆಸರು ಊರಿಗೆ ಕೇಳಲಿ, ತಿನ್ನುವವಳ ಹೆಸರು ನನ್ನ ಹೊಟ್ಟೆಯಲ್ಲಿ" ಎನ್ನುವುದು ಅವರ ಮಾತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆಳ್ತಂಗಡಿ ಕಡೆಯ ಅಣ್ಣನ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುತ್ತಿದ್ದರು.

ನಾನು ಬಂಟ್ವಾಳದವಳು, ಮದುವೆಯಾಗಿ ಪುತ್ತಿಗೆಗೆ ಬಂದವಳು, ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಟೀಚರ್. ಎರಡನೆಯ ಹೆರಿಗೆಯಲ್ಲಿ ಬಿಪಿ ಏರಿ, ಫಿಟ್ಸ್ ಬಂದು, ಎರಡು ದಿನ ನನಗೆ ಪ್ರಜ್ಞೆಯೇ ಇರಲಿಲ್ಲ. ಮಗಳ ಮುಖ ನೋಡಿದ್ದು ಮೂರನೆಯ ದಿನ. "ಇನ್ನೊಂದು ಬಸಿರು ಬೇಡ, ನಿಮ್ಮ ಜೀವಕ್ಕೆ ಅಪಾಯ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಆಪರೇಷನ್ ಎಂದರೆ ಮತ್ತೆ ಅದೇ ಥಿಯೇಟರು, ಅದೇ ದೀಪ. ಬೇಡವೆಂದೆ. ಬಸಿರು ತಡೆಯುವ ಮಾತ್ರೆ ಶುರು ಮಾಡಿದೆ. ಗಂಡನಿಗೆ ಗೊತ್ತಿತ್ತು. ಅವರು ಉಜಿರೆಯ ಹಾಸ್ಟೆಲೊಂದರಲ್ಲಿ ವಾರ್ಡನ್, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅವರಿಗೆ ಇನ್ನೊಂದು ಮೊಮ್ಮಗು ಬೇಕಿತ್ತು, ತಡೆ ಹಾಕುವುದು ಪಾಪ ಎನ್ನುವವರು. ಹಾಗಾಗಿ ಸ್ಟ್ರಿಪ್ಪು ಒಳಕೋಣೆಯ ಕಪಾಟಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು.

ಕೆಲವು ತಿಂಗಳಲ್ಲಿ ತಲೆನೋವು ಹಿಡಿಯಿತು. ಮೊದಲು ಕಣ್ಣ ಮುಂದೆ ಬೆಳ್ಳಗೆ ಅಂಕುಡೊಂಕು ಗೆರೆಗಳು ಕುಣಿಯುವುದು, ಬೋರ್ಡಿನ ಮೇಲೆ ನಾನೇ ಬರೆದ ಅಕ್ಷರ ಕಾಣದಾಗುವುದು, ಆಮೇಲೆ ಮಂಡೆ ಒಡೆದುಹೋಗುವಂಥ ನೋವು. ವಾರಕ್ಕೊಮ್ಮೆ ತಲೆನೋವಿನ ಮಾತ್ರೆ ಕೊಳ್ಳಲು ಹೋಗುತ್ತಿದ್ದೆ. ಒಂದು ದಿನ ಮೆಡಿಕಲ್ ಅಕ್ಕ ಕೊಡಲಿಲ್ಲ.

"ಟೀಚರೇ, ಕಣ್ಣಿಗೆ ಮಿಂಚು ಬರ್ತದಾ ಮೊದಲು?"

"ಬರ್ತದೆ."

"ಆ ಇನ್ನೊಂದು ಮಾತ್ರೆ ತಿಂತೀರಲ್ಲ, ಡಾಕ್ಟರಿಗೆ ಹೇಳಿದ್ದೀರಾ?"

"ಹೆರಿಗೆ ಮಾಡಿಸಿದ ಡಾಕ್ಟರಮ್ಮನೇ ಅಲ್ವಾ ಬರೆದುಕೊಟ್ಟದ್ದು!"

ಟಕ್ ಟಕ್. "ನಾನು ಕೇಳಿದ್ದು ಮಿಂಚಿನ ವಿಷಯ ಹೇಳಿದ್ದೀರಾ ಅಂತ. ಇವತ್ತೇ ಹೋಗಿ. ಹೋಗದೆ ಇಲ್ಲಿಗೆ ಬಂದ್ರೆ ಒಂದು ಮಾತ್ರೆ ಕೂಡ ಕೊಡುವುದಿಲ್ಲ. ಬೇರೆ ಅಂಗಡಿಗೆ ಹೋದ್ರೆ ಅಲ್ಲಿಗೂ ಬಂದು ಬೈತೇನೆ."

ಡಾಕ್ಟರಮ್ಮ ಬಿಪಿ ನೋಡಿದರು, ಹಳೆಯ ಮಾತ್ರೆಯನ್ನು ಅಲ್ಲೇ ನಿಲ್ಲಿಸಿದರು. ಅದರಲ್ಲಿ ಎರಡು ಹಾರ್ಮೋನು. ಇಂಥ ತಲೆನೋವಿದ್ದವರಿಗೆ ಅದರಿಂದ ಪಾರ್ಶ್ವವಾಯುವಿನ ಭಯ. ಇನ್ನು ಪ್ರೊಜೆಸ್ಟೋಜೆನ್ ಎಂಬ ಒಂದೇ ಹಾರ್ಮೋನು ಇರುವ ಮಾತ್ರೆ ಎಂದು ಬರೆದುಕೊಟ್ಟರು. ಚೀಟಿ ಹಿಡಿದು ಬಂದಾಗ ಅಕ್ಕ ಹೊಸ ಸ್ಟ್ರಿಪ್ಪಿನ ಬೆನ್ನಿಗೆ ಸೋಮ, ಮಂಗಳ ಎಂದು ಪೆನ್ನಿನಲ್ಲಿ ಬರೆದುಕೊಟ್ಟು ಹೇಳಿದರು: "ಇದಕ್ಕೆ ರಜೆ ಇಲ್ಲ. ದಿನಾ, ಒಂದೇ ಹೊತ್ತಿಗೆ. ಮುಗಿದ ಮರುದಿನವೇ ಹೊಸದು. ಮುಟ್ಟಿನ ತಿಂಗಳ ಲೆಕ್ಕ ಮಾತ್ರ ಕೇಳ್ಬೇಡಿ. ಮೊದಲು ಕೆಲವು ತಿಂಗಳು ಹನಿ ಹನಿ ಕಾಣ್ಬಹುದು, ಕೆಲವರಿಗೆ ನಿಂತೇ ಹೋಗ್ತದೆ. ಹೆಚ್ಚು ಹೋದ್ರೆ ಡಾಕ್ಟರ ಹತ್ರ ಓಡಿ. ಅದು ಬಿಟ್ಟು ಮಂಡೆಬಿಸಿ ಮಾಡ್ಲಿಕ್ಕೆ ಇಲ್ಲ."

ತಲೆನೋವು ಹೋಯಿತು. ಹನಿ ಶುರುವಾಯಿತು.

ನಮ್ಮದು ದೈವದ ಕೋಣೆ ಇರುವ ಮನೆ. ಮುಟ್ಟಾದರೆ ಮೂರು ದಿನ ಹೊರಗೆ, ಚಾವಡಿಯ ಕೊನೆಯ ಚಿಕ್ಕ ಕೋಣೆಯಲ್ಲಿ. ನಾಲ್ಕನೆಯ ದಿನ ಮಿಂದು ಒಳಗೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ಬಂದು, ಅದೇ ಸಂಜೆ ಆ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದವಳು ನಾನು! ತಿಂಗಳಿಗೊಮ್ಮೆ ಆದಾಗ ನಡೆದುಹೋಗುತ್ತಿತ್ತು. ಅಡುಗೆ ಇಲ್ಲದ ಮೂರು ದಿನ ಎಂದು ಒಳಗೊಳಗೇ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ಹತ್ತು ದಿನಕ್ಕೊಮ್ಮೆ ಒಂದು ಕಲೆ. ಕಲೆ ಕಂಡರೆ ಸುಮ್ಮನಿರಲು ಧೈರ್ಯ ಸಾಲದೆ ನಾನೇ ಹೋಗಿ ಚಾಪೆ ಎಳೆದುಕೊಳ್ಳುತ್ತಿದ್ದೆ.

ಹಾಗೊಂದು ಮಂಗಳವಾರ ಎದ್ದ ಕೂಡಲೇ ಕಲೆ ಕಂಡಿತು. ನಾನು ಹೊರಗೆ, ಮಾತ್ರೆ ಒಳಗೆ. ಹೋಗಿ ತೆಗೆಯುವ ಹಾಗಿಲ್ಲ, ಅತ್ತೆಯಲ್ಲಿ ಕೇಳುವ ಹಾಗಿಲ್ಲ. ದೊಡ್ಡ ಮಗಳನ್ನು ಕಳಿಸಿದರೆ ಅವಳು ಮನೆ ತುಂಬ ಡಂಗುರ ಸಾರುತ್ತಾಳೆ. ಪೇಟೆಯಲ್ಲಿ ಹೊಸತೊಂದು ಕೊಳ್ಳಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ, ಹಳೆಯ ಮಾತ್ರೆಯಲ್ಲಿ ತಿಂಗಳಿಗೊಂದು ವಾರ ಬಿಡುತ್ತಿದ್ದೆನಲ್ಲ, ಮೂರು ದಿನಕ್ಕೇನು ಮಹಾ ಎಂದುಕೊಂಡೆ. ಶುಕ್ರವಾರ ಮಿಂದು ಒಳಗೆ ಹೋಗಿ ಮಾತ್ರೆ ನುಂಗಿದೆ. ಶನಿವಾರ ಗಂಡ ಬಂದರು.

ಎರಡು ವಾರದ ಮೇಲೆ ಹೊಸ ಸ್ಟ್ರಿಪ್ಪಿಗೆ ಹೋದೆ. ಹಳೆಯದನ್ನು ನೋಡದೆ ಮೆಡಿಕಲ್ ಅಕ್ಕ ಹೊಸತು ಕೊಡುವವರಲ್ಲ. ನೋಡಿದರು. ಮಂಗಳ, ಬುಧ, ಗುರು ಹಾಗೇ ಕೂತಿದ್ದವು. ನಾನು ನಡೆದದ್ದನ್ನು ಹೇಳಿದೆ. ಜೋರು ಮಾಡುತ್ತಾರೆ ಎಂದುಕೊಂಡಿದ್ದೆ, ಅವರ ಸ್ವರ ಇಳಿಯಿತು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಯಜಮಾನ್ರು ಬಂದದ್ದು ಯಾವಾಗ?"

"ಮರುದಿನ, ಶನಿವಾರ."

"ಬಿಟ್ಟು ಮತ್ತೆ ಶುರು ಮಾಡಿದ್ರೆ ಅದು ಕೂಡ್ಲೇ ಕೆಲಸ ಮಾಡುವುದಿಲ್ಲ ಟೀಚರೇ. ಅವತ್ತೇ ಬಂದಿದ್ರೆ ಬೇರೆ ದಾರಿ ಇತ್ತು. ಈಗ ಇನ್ನೊಂದು ವಾರ ಕಾದು ಬಸಿರಿನ ಪರೀಕ್ಷೆ ಮಾಡುವ. ಮಾತ್ರೆ ಬಿಡ್ಬೇಡಿ." ಆಮೇಲೆ ಒಳಗಿನ ಸಿಟ್ಟು ಹೊರಗೆ ಬಂತು. "ಕಪಾಟಿನೊಳಗೆ ಇಟ್ಟು ಹೊರಗಿನಿಂದ ಕೈ ಮುಗಿದ್ರೆ ಅದು ಮಾತ್ರೆಯಾ, ಹರಕೆಯಾ? ನಾಲ್ಕು ಹನಿಗೆ ಮೂರು ದಿನ ಹೊರಗೆ ಕೂತ್ರೆ ನೀವು ಮನೆಯೊಳಗೆ ಬದುಕುವುದು ಯಾವಾಗ? ಸಾಯುವುದಾದ್ರೆ ರೋಗದಿಂದ ಸಾಯಿರಿ, ಮರ್ಯಾದೆಯಿಂದ ಸಾಯ್ಬೇಡಿ!"

ಆ ಒಂದು ವಾರ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಪಾಠ ಮಾಡುತ್ತಾ ಮಾಡುತ್ತಾ ಮಾತು ನಿಂತುಹೋಗುತ್ತಿತ್ತು. ದೊಡ್ಡವಳಿಗೆ ತಲೆ ಬಾಚುವಾಗ, ನಾನು ಸತ್ತರೆ ಇವಳ ಜಡೆ ಯಾರು ಹಾಕುತ್ತಾರೆ ಎಂದು ಅಳು ಬರುತ್ತಿತ್ತು. ಏಳನೆಯ ದಿನ ಅಂಗಡಿಯ ಹಿಂದಿನ ಬಚ್ಚಲಿನಲ್ಲೇ ಪರೀಕ್ಷೆ ಮಾಡಿದೆ. ಒಂದೇ ಗೆರೆ, ಬಸಿರಿಲ್ಲ. ಮೆಡಿಕಲ್ ಅಕ್ಕ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಗಿರಾಕಿಗಳನ್ನು ನಿಲ್ಲಿಸಿ, ಪಕ್ಕದ ಹೋಟೆಲಿನಿಂದ ಇಬ್ಬರಿಗೂ ಬಿಸಿ ಬಿಸಿ ಬನ್ಸ್ ತರಿಸಿದರು.

ಆ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಎಷ್ಟೋ ಹೆಂಗಸರ ಕಥೆ ಕೇಳಿದ್ದೇನೆ. ಬೀಡಿ ಕಟ್ಟುವ ಒಬ್ಬರಿಗೆ ಇದೇ ಮಾತ್ರೆಯಿಂದ ಮುಟ್ಟು ನಿಂತೇ ಹೋಗಿತ್ತು. "ಸ್ವರ್ಗ ಅಕ್ಕ, ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ನಗುತ್ತಿದ್ದರು. ಮೊಲೆಯೂಡಿಸುವ ಒಬ್ಬಳು ಇದನ್ನೇ ನೆಚ್ಚಿಕೊಂಡಿದ್ದಳು. ಕಾಲೇಜಿನ ಒಬ್ಬರು ಮುಖ ತುಂಬ ಮೊಡವೆ ಎಂದು ಸಿಟ್ಟಿನಿಂದ ಬಿಟ್ಟೇಬಿಟ್ಟರು. ಅವರನ್ನು ಅಕ್ಕ ತಡೆಯಲಿಲ್ಲ. "ನಿಮ್ಮ ಮೈ, ನಿಮ್ಮ ಮಾತು. ಆದ್ರೆ ಡಾಕ್ಟರತ್ರ ಬೇರೆ ದಾರಿ ಕೇಳಿ ಬಿಡಿ" ಎಂದರು.

ಇತ್ತ ಮನೆಯಲ್ಲಿ ಅತ್ತೆಗೆ ನಾನು ತಿಂಗಳಿಗೆ ಮೂರು ಸಲ ಹೊರಗಾಗುವುದು ದೈವದ ದೋಷವಾಗಿ ಕಂಡಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಎಂದು ಹೊರಟರು. ಅದಕ್ಕೂ ಮೊದಲು ತಮ್ಮ ಬಿಪಿ ಮಾತ್ರೆ ತರಲು ಹೋದವರು ಮೆಡಿಕಲ್ ಅಕ್ಕನನ್ನೇ ಕೇಳಿಬಿಟ್ಟರಂತೆ: "ನನ್ನ ಸೊಸೆ ಎಂತಾದ್ರೂ ಮದ್ದು ತಿಂತಾಳಾ?"

"ನಿಮ್ಮ ಬಿಪಿಯ ವಿಷಯ ನಾನು ಸೊಸೆಗೆ ಹೇಳಿದ್ದೇನಾ ಅಮ್ಮ? ಅವರದ್ದು ಅವರನ್ನೇ ಕೇಳಿ. ಒಂದೇ ಮನೆಯಲ್ಲಿ ಇರುವುದಲ್ವಾ?"

ಅತ್ತೆ ಬಂದು ಇದನ್ನು ದೂರಿನ ಹಾಗೆ ಹೇಳಿದರು. ನನ್ನಲ್ಲಿ ಏನನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವರ ಎದುರೇ ಸ್ಟ್ರಿಪ್ಪು ಹೊರಗೆ ತೆಗೆದೆ.

"ಇದು ಮಕ್ಕಳಾಗದ ಹಾಗೆ ತಿನ್ನುವ ಮಾತ್ರೆ ಅತ್ತೆ. ಹನಿ ಕಾಣುವುದು ಇದರಿಂದ. ದೈವದ ದೋಷ ಅಲ್ಲ, ಪ್ರಶ್ನೆ ಬೇಡ. ಇನ್ನೊಂದು ಹೆರಿಗೆಯಲ್ಲಿ ನಾನು ಉಳಿಯುವ ಭರವಸೆ ಇಲ್ಲ. ನಿಮಗೆ ಮೊಮ್ಮಗು ಬೇಕಿರಬಹುದು, ನನ್ನ ಮಕ್ಕಳಿಗೆ ಅಮ್ಮ ಬೇಕು."

"ಹಾಗಾದ್ರೆ ಇನ್ನು ಹೊರಗೆ ಕೂರ್ಲಿಕ್ಕೆ ಇಲ್ವಾ?"

"ಇಲ್ಲ. ಕೂರುವುದಿಲ್ಲ."

ಅವರು ಕೂಗಾಡಲಿಲ್ಲ. ತಮ್ಮ ಗಂಜಿ ತಾವೇ ಬೇರೆ ಬೇಯಿಸಿಕೊಳ್ಳತೊಡಗಿದರು. ಒಂದೂವರೆ ತಿಂಗಳು ನಾನು ಮಾಡಿದ್ದನ್ನು ಮುಟ್ಟಲಿಲ್ಲ. ಆಮೇಲೆ ಮೊಣಕಾಲು ನೋವು ಬಂದು, ನಿಂತು ಬೇಯಿಸಲಾಗದೆ, ಒಂದು ಮಧ್ಯಾಹ್ನ ಬಟ್ಟಲು ತಂದು ನನ್ನ ಸಾರಿನ ಮುಂದೆ ಕೂತರು. ಒಪ್ಪಿದರು ಎಂದು ನಾನು ಹೇಳುವುದಿಲ್ಲ. ದೈವದ ಕೋಣೆಯ ಬೀಗದ ಕೈ ಇವತ್ತಿಗೂ ಅವರ ಸೊಂಟದಲ್ಲೇ ಉಂಟು. ಆದರೆ ಆ ಚಿಕ್ಕ ಕೋಣೆಯಲ್ಲಿ ಈಗ ನನ್ನ ಮಕ್ಕಳ ಸೈಕಲ್ ಇದೆ.

ಹೋದ ವರ್ಷ ಮೆಡಿಕಲ್ ಅಕ್ಕ ಅಂಗಡಿಯಲ್ಲೇ ಕುಸಿದರು. ಹೃದಯ. ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ತಿಳಿದ ನಾನು ಶಾಲೆಗೆ ರಜೆ ಹಾಕಿ ಅವರ ಅಣ್ಣನ ಮನೆಗೆ ಹೋದೆ. ಅಂಗಳ ತುಂಬ ಹೆಂಗಸರು. ಯಾರು ಯಾರಿಗೂ ನೆಂಟರಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಆ ಗಾಜಿನ ಮುಂದೆ ತಲೆ ತಗ್ಗಿಸಿ ನಿಂತವರು. ಬಾಯಿಗೆ ತುಳಸಿ ನೀರು ಬಿಡಲು ಸಾಲು ನಿಂತಿತ್ತು. ಮನೆಯ ಹಿರಿಯ ಹೆಂಗಸೊಬ್ಬರು ಬಾಗಿಲಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿ ಒಳಗೆ ಬಿಡುತ್ತಿದ್ದರು. ನನ್ನ ಸರದಿ ಬಂತು.

"ಹೊರಗೆ ಎಂತ ಇಲ್ಲ ಅಲ್ವಾ?"

ಅಂದು ಬೆಳಿಗ್ಗೆಯೇ ಕಲೆ ಕಂಡಿತ್ತು. ಇಲ್ಲ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಲ್ಲಿ ಮಲಗಿದ್ದವರು ನನ್ನ ಜೀವ ಉಳಿಸಿದವರು. ಅವರ ಹತ್ತಿರ ಸುಳ್ಳು ಹೇಳಿಕೊಂಡು ಹೋಗುವುದು ನನ್ನಿಂದಾಗಲಿಲ್ಲ.

"ಉಂಟು," ಅಂದೆ, ಅಂಗಳದ ಕೊನೆಗೆ ಕೇಳುವ ಹಾಗೆ. "ಆದ್ರೂ ಹೋಗ್ತೇನೆ."

ಆ ಹೆಂಗಸು ನನ್ನ ಮುಖವನ್ನೇ ನೋಡಿದರು. ನನ್ನ ಹಿಂದೆ ಸಾಲಿನಲ್ಲಿದ್ದ ಯಾರೋ, "ನನಗೂ ಉಂಟು" ಎಂದರು. ಇನ್ನೊಂದು ಸ್ವರ, "ನನಗೂ."

ನಾನು ಒಳಗೆ ಹೋಗಿ ಅಕ್ಕನ ಬಾಯಿಗೆ ನೀರು ಬಿಟ್ಟೆ.