ಉಂಡ ಮೇಲಿನ ಪ್ರಾರ್ಥನೆ

ಮಕ್ತಲದಲ್ಲಿ ನಮ್ಮ ಪಕ್ಕದ ಮನೆಯಾಕೆ ಇಸ್ರೇಲಿನಲ್ಲಿ ಒಬ್ಬ ಯಹೂದಿ ಮುದುಕನ ಆರೈಕೆ ಮಾಡಿ ಬಂದವಳು. ಊಟ ಮುಗಿದರೂ ಆಕೆ ತಟ್ಟೆಯ ಮುಂದಿನಿಂದ ಏಳುತ್ತಿರಲಿಲ್ಲ. ತುಸು ರೊಟ್ಟಿ ಉಳಿಸಿಕೊಂಡು, ಉಂಡ ಮೇಲೆ ಆತ ಹೇಳುತ್ತಿದ್ದ ಪ್ರಾರ್ಥನೆಯನ್ನು ದಣಿದ ದನಿಯಲ್ಲಿ ಗುನುಗುತ್ತಿದ್ದಳು.

"ಹಸಿದಾಗ ಎಲ್ಲಾರೂ ದೇವರನ್ನ ಕರೀತಾರವಾ. ಹೊಟ್ಟಿ ತುಂಬಿದ ಮ್ಯಾಲ ಯಾರಿಗೆ ನೆನಪಿರತೈತಿ?" ಎನ್ನುವುದು ಆಕೆಯ ಮಾತು. ಮಕ್ಕಳ ಹೆಸರನ್ನೇ ಮರೆತಿದ್ದ ಮುದುಕ ಅದೊಂದನ್ನು ಮರೆತಿರಲಿಲ್ಲವಂತೆ.

ಆತ ತೀರಿಕೊಂಡನೆಂದು ಫೋನ್ ಬಂದ ದಿನ ಆಕೆ ಒಲೆ ಹಚ್ಚಲಿಲ್ಲ. ಸಂಜೆ ನಾನು ಹೋದಾಗ ಒಣರೊಟ್ಟಿಯ ತುಂಡೊಂದನ್ನು ನೀರಿನಲ್ಲಿ ನೆನೆಸಿ, ಕಷ್ಟಪಟ್ಟು ನುಂಗುತ್ತಿದ್ದಳು.

"ಮನಸಿಲ್ಲದಿದ್ರ ಯಾಕ ತಿಂತೀರಿ, ಅಕ್ಕಾ?"

"ಉಣ್ಣದೇ ಆ ಪ್ರಾರ್ಥನಿ ಹೇಳಬಾರದವಾ," ಎಂದಳು. "ಇವತ್ತ ಆ ಅಜ್ಜನ ಪಾಲಿಂದು ಯಾರು ಹೇಳಬೇಕು?"