ಅಕ್ಕ ಕಟ್ಟಿಟ್ಟ ಪೊಟ್ಟಣಗಳು

ನನಗೆ ಗಿಡಗಳೆಂದರೆ ಅಷ್ಟಕ್ಕಷ್ಟೆ. ಉಗುರಿನೊಳಗೆ ಮಣ್ಣು ಸೇರಿದರೆ ದಿನವಿಡೀ ಸಿಡಿಮಿಡಿ ಅನ್ನುವ ಪೈಕಿ. ಅಬ್ಬಿಗೆರೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿದ್ದ ಕುಂಡಗಳೆಲ್ಲ ಅಕ್ಕನವು. ಭಾವ ತೀರಿಕೊಂಡ ಮೇಲೆ ಗದಗದ ಕಡೆಯಿಂದ ನನ್ನ ಜೊತೆ ಇರಲು ಬಂದವಳು, ಬಟ್ಟೆಗಿಂತ ಮೊದಲು ಚೀಲದಿಂದ ತೆಗೆದದ್ದು ಬೀಜ ತುಂಬಿದ ಒಂದು ಬಿಸ್ಕತ್ ಡಬ್ಬಿ. ನಾನು ಕಾಲೇಜಿನ ಆಫೀಸಿಗೆ ಹೋದರೆ ಅವಳು ತಾರಸಿಗೆ ಹೋಗುತ್ತಿದ್ದಳು. ಹಾಗೆ ನಾಲ್ಕು ವರ್ಷ ಚೆನ್ನಾಗಿಯೇ ಇದ್ದೆವು.

ಆ ಅಕ್ಕನಿಗೆ ನಾನು ಒಂದು ಸುಳ್ಳು ಹೇಳಿದೆ. ಹೋದ ವರ್ಷ ಯುಗಾದಿಯ ಹೊತ್ತಿಗೆ ಅವಳಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಇನ್ನು ಕೆಲವೇ ತಿಂಗಳು ಅಂದರು. ಹೊರಗೆ ಬಂದು ಅಕ್ಕನಿಗೆ, "ಹೊಟ್ಟ್ಯಾಗ ಹುಣ್ಣಾಗೇತಂತ, ಗುಳಿಗಿ ತಗೊಂಡ್ರ ಆರಾಮ ಆಗತೈತಿ" ಅಂದೆ. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ರಿಪೋರ್ಟನ್ನು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟೆ. ಅವಳು ಕಲಿತದ್ದು ಏಳನೇ ಕ್ಲಾಸು, ಇಂಗ್ಲಿಷ್ ಓದಲು ಬಾರದು. ಆದರೂ ಬಚ್ಚಿಟ್ಟೆ. ಆಮೇಲೊಮ್ಮೆ ಹುಡುಕಿದರೆ ಅದು ಅಲ್ಲಿರಲಿಲ್ಲ. ನಾನೇ ಎಲ್ಲೋ ಬೀಳಿಸಿದೆ ಅಂದುಕೊಂಡು ಆಸ್ಪತ್ರೆಯಿಂದ ಇನ್ನೊಂದು ಪ್ರತಿ ತಂದೆ.

ಶ್ರಾವಣದಲ್ಲಿ ಅಕ್ಕ ಹೋದಳು. ಅದರ ಹಿಂದಿನ ದಿನ, "ಬರೂ ಯುಗಾದಿಗೆ ಹೀರಿ ಹಚ್ಚೂಣೇನು?" ಅಂತ ಕೇಳಿದ್ದಳು. "ಹಚ್ಚೂಣು, ನೀನ ಹಚ್ಚಾಕಿ" ಅಂದೆ. ಅವಳು ನಕ್ಕಳು. ಆ ನಗು ನನ್ನನ್ನು ತಿಂದುಹಾಕಿತು. ನನ್ನ ಸುಳ್ಳನ್ನು ನಂಬಿಕೊಂಡೇ ಹೋದಳಾ? ಹಾಗಿದ್ದರೆ ಒಡಹುಟ್ಟಿದವಳಿಗೆ ಮೋಸಮಾಡಿ ಕಳಿಸಿಕೊಟ್ಟ ಹಾಗಾಯಿತಲ್ಲ. ಇದನ್ನು ಯಾರ ಹತ್ತಿರ ಕೇಳಲಿ?

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಚಾ ಲೋಟ ಹಿಡಿದುಕೊಂಡು ಡಬ್ಬಿಯೊಂದಿಗೆ ತಾರಸಿಗೆ ಹೋದೆ. ಹೀರೆ ನೆಡೋಣ ಅಂತ ಕೊಟ್ಟ ಮಾತಿಗಾಗಿ ಹೋದದ್ದು, ಆಸೆಯಿಂದಲ್ಲ. ಹತ್ತು ಗಂಟೆಯ ಚುರುಕು ಬಿಸಿಲು. ಡಬ್ಬಿಯಲ್ಲಿ ಹುಳು ಹಿಡಿಯದಂತೆ ಹಾಕಿದ ಬೂದಿಯ ನಡುವೆ ನಾಲ್ಕು ಕಾಗದದ ಪೊಟ್ಟಣಗಳು, ಒಂದು, ಎರಡು, ಮೂರು, ನಾಲ್ಕು ಅಂತ ಪೆನ್ಸಿಲ್ಲಿನಲ್ಲಿ ನಂಬರು. ಅಕ್ಕ ಯಾವತ್ತೂ ಬೀಜದ ಮೇಲೆ ಏನನ್ನೂ ಬರೆದವಳಲ್ಲ, ಮೂಸಿ ನೋಡಿಯೇ ಹೇಳುತ್ತಿದ್ದಳು. ನನಗಾಗಿಯೇ ಬರೆದಿದ್ದಾಳೆ ಅನ್ನಿಸಿತು.

ಲೋಟವನ್ನು ಕಟ್ಟೆಯ ಮೇಲಿಟ್ಟು ಮಣ್ಣು ಸಡಿಲ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಮೊದಲನೇ ಪೊಟ್ಟಣ ಬಿಚ್ಚಿದರೆ ಹೀರೆಯ ಕಪ್ಪು ಬೀಜ. ಕಾಗದದ ಒಳಮೈಯಲ್ಲಿ ಅಕ್ಕನ ದುಂಡು ಅಕ್ಷರ: "ಚಾ ಆರೇತಿ. ಮೊದಲ ಕುಡಿ."

ಲೋಟ ಮುಟ್ಟಿ ನೋಡಿದೆ. ತಣ್ಣಗಾಗಿತ್ತು.

ನಾನು ಚಾ ಆರಿಸಿಯೇ ಕುಡಿಯುವವಳು, ಅದು ಅವಳಿಗೆ ಗೊತ್ತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೂ ಬೆನ್ನಿನ ಹಿಂದೆ ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಗಳ ಕುಕ್ಕರ್ ಸದ್ದೂ ನಿಂತುಹೋಗಿತ್ತು. ಎರಡು ಸಲ ತಿರುಗಿ ಬಾಗಿಲ ಕಡೆ ನೋಡಿದೆ. ಏನೂ ಇರಲಿಲ್ಲ. ಬೀಜ ಊರಿ, ಬೆಂಡೆ ಬೀಜದ ಎರಡನೇ ಪೊಟ್ಟಣ ಬಿಚ್ಚಿದೆ.

"ಹಿಂದ ಹೊಳ್ಳಿ ನೋಡಬ್ಯಾಡ. ಯಾರೂ ಇಲ್ಲ."

ಕೈಯಿಂದ ಬೀಜ ಚೆಲ್ಲಿಹೋಯಿತು. ಸಣ್ಣವಳಿದ್ದಾಗ ಹಿತ್ತಲಿಗೆ ಹೋಗುವಾಗ ನಾನು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತಿದ್ದೆ, ಅಕ್ಕ ಬಾಗಿಲಲ್ಲಿ ನಿಂತು ಇದನ್ನೇ ಕೂಗುತ್ತಿದ್ದಳು. ಯಾರೂ ಇಲ್ಲ ಅಂತ ಕೂಗುವವಳು ಅಲ್ಲಿದ್ದಳಲ್ಲ, ಅದೇ ಧೈರ್ಯ. ಈಗ ನಿಜಕ್ಕೂ ಯಾರೂ ಇಲ್ಲ ಅನ್ನುವುದೇ ಹೆದರಿಕೆಯಾಗಿತ್ತು.

ಚೆಲ್ಲಿದ ಬೀಜ ಆರಿಸಿ ಊರಿ ಮೂರನೆಯದನ್ನು ಬಿಚ್ಚಿದೆ. ಚವಳಿಕಾಯಿ, ಇಲ್ಲಿಯವರ ಗೋರಿಕಾಯಿ. "ಒಂದ ಕುಣ್ಯಾಗ ಮೂರು ಕಾಳು ಹಾಕು. ಸಸಿ ಬಂದ ಮ್ಯಾಲೆ ಎರಡು ಕೀಳು. ಕೀಳೂವಾಗ ಅಳಬ್ಯಾಡ." ಕಣ್ಣು ಒರೆಸಿಕೊಳ್ಳಲು ಕಾಗದ ಕೆಳಗಿಟ್ಟಾಗ ಅದು ಗಾಳಿಗೆ ಮಗುಚಿತು. ಹಿಂಬದಿಯಲ್ಲಿ ಅಚ್ಚಾದ ಇಂಗ್ಲಿಷ್ ಅಕ್ಷರ, ಅರ್ಧ ನೀಲಿ ಮುದ್ರೆ. ಆ ಮುದ್ರೆಯ ಗುರುತು ನನಗೆ ಸಿಕ್ಕಿತು.

ಮೂರೂ ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಹಾರದಂತೆ ಕಲ್ಲು ಇಟ್ಟೆ. ಅಕ್ಕನ ವಯಸ್ಸು, ಸ್ಕ್ಯಾನಿಂಗ್ ಆದ ತಾರೀಕು. ನನ್ನ ಸೀರೆಗಳ ಕೆಳಗಿಂದ ಕಳೆದುಹೋಗಿದ್ದ ಕಾಗದ. ಕೆಳಗಿನ ಮೂಲೆ ಮಾತ್ರ ಖಾಲಿ. ಅಲ್ಲೇ ಡಾಕ್ಟರು ಕೊನೆಯ ಸಾಲು ಬರೆದಿದ್ದರು. ನಾಲ್ಕನೇ ಪೊಟ್ಟಣವನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತೆ, ಬಿಚ್ಚುವ ಧೈರ್ಯ ಬರಲಿಲ್ಲ. ಕಡೆಗೆ ಬಿಚ್ಚಿದೆ. ಅದರಲ್ಲಿ ಕುಂಬಳದ ಐದು ಬೀಜಗಳಿದ್ದವು. ಕಾಗದ ಅದೇ ಮೂಲೆ, ಡಾಕ್ಟರ ಸಾಲಿನ ಹಿಂಬದಿಯಲ್ಲಿ ಅಕ್ಕನ ಅಕ್ಷರ:

"ನಿನಗ ಸಣ್ಣಾಕಿದ್ದಾಗಿಂದನೂ ಸುಳ್ಳ ಹೇಳಾಕ ಬರಂಗಿಲ್ಲ. ಕುಂಬಳದ ಮಿಡಿಗೆ ಬೆರಳ ಮಾಡಿ ತೋರಸಬ್ಯಾಡ, ಕೊಳೀತೈತಿ."

ಇಂಗ್ಲಿಷ್ ಬಾರದ ಅಕ್ಕನಿಗೆ ಇದನ್ನು ಓದಿ ಹೇಳಿದವರು ಯಾರು? ಕೆಳಗಿಳಿದು ಮನೆಯ ಓನರ್ ಆಂಟಿಯ ಬಾಗಿಲು ಬಡಿದೆ. ನನ್ನ ಕೈಯಲ್ಲಿದ್ದ ತುಂಡುಗಳನ್ನು ನೋಡುತ್ತಲೇ ಅವರು ತಲೆ ತಗ್ಗಿಸಿದರು. "ಓದಿ ಹೇಳಿದ್ದು ನಾನೇ ಕಣಮ್ಮ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು. ನಂಗೆ ಗೊತ್ತು ಅಂತ ತಂಗಿಗೆ ಗೊತ್ತಾದ್ರೆ ಅವ್ಳು ಊಟ ಬಿಟ್ಬಿಡ್ತಾಳೆ ಅಂದ್ರು."

ಅಷ್ಟು ದಿನವೂ ನಾನು ಅವಳೆದುರು ನಾಟಕ ಆಡಿದ್ದೆ, ಅವಳು ನನ್ನೆದುರು ಆಡಿದ್ದಳು. ಮೋಸಹೋದವಳು ನಾನು. ಸಿಟ್ಟು ಬಂತು, ಸತ್ತವಳ ಮೇಲೆ ಕೆಂಡದಂಥ ಸಿಟ್ಟು. ಆಮೇಲೆ ಆಂಟಿಯ ಸೋಫಾದ ಮೇಲೆ ಕೂತು ಜೋರಾಗಿ ಅತ್ತೆ.

ಯುಗಾದಿ ಕಳೆದು ಕುಂಬಳದ ಬಳ್ಳಿ ಕಟ್ಟೆ ಹತ್ತಿತು. ಮೊದಲ ಮಿಡಿ ಬಿಟ್ಟ ದಿನ ಆಂಟಿಯನ್ನು ಮೇಲೆ ಕರೆದೆ. "ಎಲ್ಲಿದೆ ಕಣಮ್ಮ, ಕಾಣಿಸ್ತಾನೇ ಇಲ್ವಲ್ಲ" ಅಂತ ಎಲೆಗಳ ನಡುವೆ ಹುಡುಕತೊಡಗಿದರು. ಅಲ್ಲಿ ಅಂತ ತೋರಿಸಲು ಕೈ ಎತ್ತಿದೆ. ಬೆರಳು ಅರ್ಧದಲ್ಲೇ ಮಡಚಿಕೊಂಡಿತು. ನಾನು ಮಡಚಲಿಲ್ಲ, ದೇವರಾಣೆಗೂ ಇಲ್ಲ. ಬೆನ್ನ ಹಿಂದೆ, ಮೆಟ್ಟಿಲ ಬಾಗಿಲಲ್ಲಿ, ಯಾರೋ ನಿಂತ ಹಾಗಿತ್ತು.

ತಿರುಗಿ ನೋಡಲಿಲ್ಲ. "ಹಚ್ಚೇನಿ ನೋಡ" ಅಂದೆ, ಆಂಟಿಗಲ್ಲ.